ರಂಗದ ರುಕ್ಮಿಣಿ, ತೆರೆಯ ಏಕನಾಥ

1935ರಲ್ಲಿ ಪುಣೆಯ ಪ್ರಭಾತ್ ಫಿಲ್ಮ್ ಕಂಪನಿಯ ‘ಧರ್ಮಾತ್ಮಾ’ ಚಿತ್ರವು ತೆರೆಕಂಡಾಗ ಅದನ್ನು ನೋಡಹೋದ ಮರಾಠೀ ಪ್ರೇಕ್ಷಕನಿಗೆ, ಕಥಾನಾಯಕನಾದ ಸಂತ ಏಕನಾಥನ ವಿಷಯದಲ್ಲಿ ಇದ್ದ ಕುತೂಹಲಕ್ಕಿಂತ, ಆ ಸಂತನ ವೇಷವನ್ನು ಧರಿಸಿದ್ದವರ ವಿಷಯದಲ್ಲಿ ಇದ್ದ ಕುತೂಹಲವೇ ಹೆಚ್ಚಾಗಿದ್ದಿರಬೇಕು; ಅದೇಕೆಂದರೆ, ಮೂವತ್ತು ವರ್ಷಗಳ ಕಾಲ ಶಕುಂತಲೆ, ಸುಭದ್ರೆ, ವಸಂತಸೇನೆ, ಭಾಮಿನಿ, ರುಕ್ಮಿಣಿ, ದ್ರೌಪದಿ ಎಂಬ ಹೆಸರುಗಳಿಂದ ರಂಗದ ಮೇಲೆ ಬಾಳಿ, ಇಡಿಯ ಮಹಾರಾಷ್ಟ್ರದ ಕಣ್ಣಿಗೆ ಸ್ತ್ರೀಸೌಂದರ್ಯದ ಮೇಲ್ಪಂಕ್ತಿಯೆನಿಸಿದ್ದ ಬಾಲಗಂಧರ್ವರು, ತಮ್ಮ ನಾಲ್ವತ್ತೇಳನೆಯ ವಯಸ್ಸಿನಲ್ಲಿ, ಪಂಚೆಯುಟ್ಟು ಹೆಗಲಿಗೆ ವಸ್ತ್ರ ಹೊದ್ದ ಗಂಡಸಾಗಿ ಬೆಳ್ಳಿತೆರೆಯ ಮೇಲೆ ಕಾಣಿಸಿಕೊಂಡಿದ್ದರು. ಗಂಡಸೊಬ್ಬನು ಗಂಡಸಿನ ಪಾತ್ರವನ್ನು ಮಾಡಿದನೆಂಬುದೇ ಸುದ್ದಿಯಾಗುವ ಪ್ರಸಂಗ ನಟರ ಚರಿತ್ರೆಯಲ್ಲಿ ವಿರಳ. ಆ ಪ್ರಯೋಗವು ಅವರಿಗೆ ಒಗ್ಗಲಿಲ್ಲ. ಹಾಗೇಕಾಯಿತು ಎಂಬುದನ್ನು ವಿಚಾರಿಸುವುದೇ ಅವರ ಕಲೆಯ ಮರ್ಮವನ್ನು ವಿಚಾರಿಸಿದಂತೆ ಎಂದು ನನಗೆ ತೋರುತ್ತದೆ.

ಮರಾಠಿಗರ ಈ ನಟನ ವಿಚಾರ ನಮಗೇಕೆ ಎಂದು ಯಾರೂ ಕೇಳಲಾರರು. ಮರಾಠೀ ರಂಗಭೂಮಿಯ ಮೂಲವನ್ನು ಅರಸುತ್ತ ಹೊರಟವನ ಕಾಲಿಗೆ ಎರಡು ಕಡೆ ಕನ್ನಡದ ಮಣ್ಣು ಅಂಟಿಕೊಳ್ಳುತ್ತದೆ. 1843ರಲ್ಲಿ ಸಾಂಗಲಿಯ ಅರಸರ ಆಶ್ರಯದಲ್ಲಿ ವಿಷ್ಣುದಾಸ ಭಾವೆಯವರು ‘ಸೀತಾಸ್ವಯಂವರ’ವನ್ನು ಆಡಿಸಿದುದಕ್ಕೆ, ಹೊನ್ನಾವರದ ಸೀಮೆಯ ಕರ್ಕಿಯಿಂದ ಅಲ್ಲಿಗೆ ಹೋಗಿದ್ದ ಭಾಗವತರ ಮೇಳದ ಆಟವೇ ಪ್ರೇರಣೆ. 1880ರಲ್ಲಿ ‘ಸಂಗೀತ ಶಾಕುಂತಲ’ವನ್ನು ಪ್ರಯೋಗಿಸಿ ಸಂಗೀತನಾಟಕಕ್ಕೆ ಅಡಿಗಲ್ಲನ್ನಿಟ್ಟ ಅಣ್ಣಾಸಾಹೇಬ ಕಿರ್ಲೋಸ್ಕರರಂತೂ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು. ಆ ಸಂಗೀತನಾಟಕವು ಬೆಳೆದು, ಫಲಿಸಿ, ಮರಳಿ ಕೃಷ್ಣೆಯನ್ನು ದಾಟಿ ಹುಬ್ಬಳ್ಳಿ ಧಾರವಾಡಗಳಿಗೆ ಬಂದಾಗ, ಅದರ ಪತಾಕೆಯ ಮೇಲೆ ಇದ್ದ ಹೆಸರು ಬಾಲಗಂಧರ್ವರದು.

ತಂದೆತಾಯಿಗಳು ಇಟ್ಟ ಹೆಸರು ನಾರಾಯಣ; ತಂದೆ ಶ್ರೀಪಾದರಾಯರು, ಮನೆತನದ ಹೆಸರು ರಾಜಹಂಸ. ಜನನ 1888ರ ಜೂನ್ 26. ಹತ್ತು ವರ್ಷದ ಹುಡುಗನ ಹಾಡನ್ನು ಪುಣೆಯಲ್ಲಿ ಕೇಳಿದ ಲೋಕಮಾನ್ಯ ತಿಲಕರ ಬಾಯಿಂದ ಹೊರಟ ಮೆಚ್ಚಿಕೆಯ ಮಾತೇ ‘ಬಾಲಗಂಧರ್ವ’ ಎಂಬ ಬಿರುದಾಯಿತೆಂಬುದು ಪ್ರಸಿದ್ಧವಾದ ಸಂಗತಿ. ಗಣಿತ ಜ್ಯೋತಿಷಗಳಲ್ಲಿಯೂ ರಾಜಕಾರಣದಲ್ಲಿಯೂ ಮುಳುಗಿದ್ದ ಆ ಕಠೋರ ಪುರುಷನು ತನ್ನ ಜೀವಮಾನದಲ್ಲಿ ಕೊಟ್ಟ ಬಿರುದುಗಳಲ್ಲಿ ಇಷ್ಟು ಚೆನ್ನಾಗಿ ಅಂಟಿಕೊಂಡುದು ಮತ್ತೊಂದಿರಲಾರದು. ಇದೇ ಹುಡುಗನು ಮುಂದೆ ನಾಟಕ ಕಂಪನಿಯನ್ನು ಸೇರಹೊರಟಾಗ ಅಡ್ಡಬಂದುದು ಕಂಠದ ದೋಷವಲ್ಲ, ಕಿವಿಯ ದೋಷ. ಕೊಲ್ಲಾಪುರದ ಶಾಹೂ ಮಹಾರಾಜರು ಅವನನ್ನು ಮೀರಜಿನ ಮಿಷನ್ ಆಸ್ಪತ್ರೆಗೆ ಕಳುಹಿಸಿ ಚಿಕಿತ್ಸೆ ಮಾಡಿಸಿದರು. ಕಿರ್ಲೋಸ್ಕರ ನಾಟಕ ಮಂಡಳಿಗೆ ಸೇರಲು ಒತ್ತಾಸೆಯಾಗಿಯೂ ನಿಂತರು. ಆ ಮಂಡಳಿಗಾದರೋ, ತನ್ನ ಹೆಸರಾಂತ ಸ್ತ್ರೀಪಾತ್ರಧಾರಿಯೂ ಗಾಯಕನೂ ಆದ ಭಾವೂರಾವ ಕೊಲ್ಹಟಕರರು 1901ರಲ್ಲಿ ತೀರಿಕೊಂಡಂದಿನಿಂದ, ಆ ಸ್ಥಾನವನ್ನು ತುಂಬಬಲ್ಲ ಕಂಠವೊಂದರ ಹಸಿವಿದ್ದಿತು. 1905ರಲ್ಲಿ ಮೀರಜಿನಲ್ಲಿಯೇ ನಾರಾಯಣನು ಶಕುಂತಲೆಯಾಗಿ ಬಣ್ಣ ಹಚ್ಚಿಕೊಂಡನು.

ತಾಲೀಮು ಕೊಟ್ಟವರು ಗೋವಿಂದ ಬಲ್ಲಾಳ ದೇವಲರು. ‘ಶಾರದಾ’ದಂತಹ ನಾಟಕವನ್ನು ಬರೆದು, ಮುದುಕರಿಗೆ ಮಕ್ಕಳನ್ನು ಕೊಟ್ಟು ಮದುವೆ ಮಾಡುವ ಸಂಪ್ರದಾಯದ ಮೇಲೆ ಪ್ರಹಾರ ಮಾಡಿದ ದೇವಲರು ಮಾತಿನ ಸಹಜತೆಯ ವಿಷಯದಲ್ಲಿ ಬಹಳ ಹಟದವರು. ಹೆಂಗಸಿನ ವೇಷವೆಂದರೆ ಧ್ವನಿಯನ್ನು ಕೀರಲು ಮಾಡಿ, ಸೊಂಟವನ್ನು ಬಳುಕಿಸಿ, ಸೆರಗನ್ನು ಬಾಯಿಗೆ ಅಡ್ಡವಿಟ್ಟುಕೊಂಡು ನಾಚುವುದೆಂದು ಭಾವಿಸಿದ್ದ ಕಾಲದಲ್ಲಿ, ಅವರ ಶಿಷ್ಯನು ರಂಗಕ್ಕೆ ತಂದುದು ಕುಲೀನ ಮನೆತನದ ಹೆಣ್ಣಿನ ಸಂಯಮವನ್ನು. ನಿಂತಾಗ ಭಾರವನ್ನೆಲ್ಲ ಒಂದು ಕಾಲಿನ ಮೇಲೆ ಬಿಡುವ ಬಗೆ, ಎದುರಿನವನ ಮಾತು ಮುಗಿಯುವ ಮೊದಲೇ ತುಸು ಬಾಗುವ ಕತ್ತು, ತಲೆಯ ಮೇಲಣ ಸೆರಗನ್ನು ಎರಡು ಬೆರಳಿನಿಂದ ಸರಿಪಡಿಸಿಕೊಳ್ಳುವ ಒಂದು ಸಣ್ಣ ಚೇಷ್ಟೆ, ಇಷ್ಟರಿಂದಲೇ ಅವರು ಪಾತ್ರವನ್ನು ಕಟ್ಟುತ್ತಿದ್ದರೆಂಬುದಕ್ಕೆ ಉಳಿದಿರುವ ಛಾಯಾಚಿತ್ರಗಳೇ ಸಾಕ್ಷಿ. ಆ ಛಾಯಾಚಿತ್ರಗಳನ್ನು ಹತ್ತಿರದಿಂದ ನೋಡಿದರೆ ಒಂದು ವಿಚಿತ್ರ ಕಾಣುತ್ತದೆ: ಮುಖವು ಅಷ್ಟೇನೂ ಸ್ತ್ರೀಸಹಜವಲ್ಲ, ಗಲ್ಲ ಅಗಲ, ಹೆಗಲು ದಪ್ಪ, ಆದರೆ ಮೂಗುತಿಯ ಕೆಳಗಿನ ತುಟಿಗಳಲ್ಲಿ ಅರೆ ನಗೆಯೊಂದು ಬಂದು ನಿಂತಿರುವ ರೀತಿಯು ಉಳಿದುದನ್ನೆಲ್ಲ ಮರೆಯಿಸಿಬಿಡುತ್ತದೆ. ಪುಣೆ ಮುಂಬಯಿಗಳ ಸ್ತ್ರೀಯರು ಅವರ ಸೀರೆಯ ನೆರಿಗೆಯನ್ನೂ ಹೂಮುಡಿಯುವ ಬಗೆಯನ್ನೂ ಅನುಕರಿಸತೊಡಗಿದರು. ಗಂಡಸರು ಕಲ್ಪಿಸಿದ ಹೆಣ್ತನವನ್ನು ಗಂಡಸೊಬ್ಬನಿಂದ ಹೆಂಗಸರು ಕಲಿತರಲ್ಲ ಎಂದು ಇಂದಿನ ವಿಮರ್ಶಕರು ಹುಬ್ಬೇರಿಸಬಹುದು. ಆ ಆಕ್ಷೇಪದಲ್ಲಿ ಸತ್ಯವಿಲ್ಲದೆ ಇಲ್ಲ. ಆದರೆ ಮನೆಯೊಳಗಿನ ಹೆಣ್ಣಿಗೆ ತನ್ನ ನಡೆನುಡಿಗಳೂ ನೋಡತಕ್ಕ ವಸ್ತುಗಳೆಂಬ ಅರಿವನ್ನು ಆ ಕಾಲದಲ್ಲಿ ಬೇರೆ ಯಾರು ಕೊಟ್ಟಿದ್ದರು?

1911ರ ಮಾರ್ಚ್ 12ರಂದು ಮುಂಬಯಿಯಲ್ಲಿ ಖಾಡಿಲಕರರ ‘ಮಾನಾಪಮಾನ’ದ ಮೊದಲ ಪ್ರಯೋಗ. ಆ ದಿನವೇ ಬಾಲಗಂಧರ್ವರ ಶಿಶುವಾದ ಹೆಣ್ಣುಮಗಳು ತೀರಿಕೊಂಡಳು. ಆಟವನ್ನು ಮುಂದಕ್ಕೆ ಹಾಕೋಣವೆಂದು ಹಿರಿಯರು ಸೂಚಿಸಿದರೂ ಅವರು ಒಪ್ಪದೆ, ಸಂಜೆಗೆ ಬಣ್ಣದ ಕೋಣೆಗೆ ಹೋಗಿ, ಹಣದ ಗರ್ವದಿಂದ ಬಡ ಯೋಧನನ್ನು ತಿರಸ್ಕರಿಸುವ ಶ್ರೀಮಂತ ಕನ್ಯೆ ಭಾಮಿನಿಯ ವೇಷವನ್ನು ತೊಟ್ಟು ರಂಗಕ್ಕೆ ಬಂದರು. ಕರ್ತವ್ಯನಿಷ್ಠೆಗೆ ನಿದರ್ಶನವಾಗಿ ಈ ಪ್ರಸಂಗವನ್ನು ಎಷ್ಟೋ ಬಾರಿ ಹೇಳಿದ್ದಾರೆ. ನನಗೆ ಇದರಲ್ಲಿ ನಿಷ್ಠೆಗಿಂತ ಮಿಗಿಲಾದ, ತುಸು ಭಯಂಕರವಾದ, ಮತ್ತೇನೋ ಕಾಣುತ್ತದೆ. ಭಾಮಿನಿಯ ಪಾತ್ರದಲ್ಲಿ ಶೋಕಕ್ಕೆ ಎಡೆಯಿಲ್ಲ; ಮೊದಲ ಅಂಕದಲ್ಲಿ ಅವಳದು ಬರಿಯ ಹಮ್ಮು, ಚೆಲ್ಲಾಟ. ತನ್ನ ದುಃಖವನ್ನು ಪಾತ್ರದ ದುಃಖದಲ್ಲಿ ಕರಗಿಸಿಬಿಡುವ ಅವಕಾಶವೂ ನಟನಿಗೆ ಅಂದು ಇರಲಿಲ್ಲ. ಇಪ್ಪತ್ತೆರಡು ವರ್ಷದ ತರುಣ ತಂದೆಯೊಬ್ಬನಿಗೆ ಆ ರಾತ್ರಿ ವೇಷವು ಮುಖವಾಡವಾಗಿರದೆ ಆಸರೆಯಾಗಿದ್ದಿರಬಹುದು. ನಾರಾಯಣ ರಾಜಹಂಸನಾಗಿ ಮನೆಯಲ್ಲಿ ಕುಳಿತಿರುವುದಕ್ಕಿಂತ ಭಾಮಿನಿಯಾಗಿ ನಿಲ್ಲುವುದೇ ಅವನಿಗೆ ಸುಲಭವಾಗಿದ್ದಿರಬಹುದು. ಈ ಊಹೆಯು ನಿಜವಾದರೆ, ಇಪ್ಪತ್ತನಾಲ್ಕು ವರ್ಷಗಳ ಅನಂತರ ಪ್ರಭಾತ್ ಸ್ಟುಡಿಯೋದಲ್ಲಿ ನಡೆದುದರ ಬೀಜವೂ ಇಲ್ಲಿಯೇ ಇದೆ.

1913ರ ಜುಲೈಯಲ್ಲಿ ಬಾಲಗಂಧರ್ವರು, ಗಣಪತರಾವ ಬೋಡಸರು, ಗೋವಿಂದರಾವ ಟೆಂಬೆಯವರು, ಈ ಮೂವರೂ ಕಿರ್ಲೋಸ್ಕರ ಮಂಡಳಿಯಿಂದ ಹೊರಬಿದ್ದು ಗಂಧರ್ವ ನಾಟಕ ಮಂಡಳಿಯನ್ನು ಕಟ್ಟಿದರು. ಬಡೋದೆಯ ಸಯಾಜಿರಾವ ಗಾಯಕವಾಡರ ಆಶ್ರಯ ದೊರೆಯಿತು. ಮೊದಲು ಟೆಂಬೆಯವರೂ ಕೆಲವು ವರ್ಷಗಳಲ್ಲಿ ಬೋಡಸರೂ ಹೊರಟುಹೋದ ಮೇಲೆ ಮಂಡಳಿಯ ಯಜಮಾನಿಕೆಯೆಲ್ಲ ಬಾಲಗಂಧರ್ವರ ಮೇಲೆಯೇ ಬಿದ್ದಿತು. ಅದರ ಪರಿಣಾಮವನ್ನು ಮುಂದೆ ನೋಡೋಣ. ಕಲೆಯ ದೃಷ್ಟಿಯಿಂದ ಮಾತ್ರ ಇದು ಅವರ ಸುವರ್ಣಕಾಲ. 1916ರ ಡಿಸೆಂಬರಿನಲ್ಲಿ ಬಂದ ‘ಸ್ವಯಂವರ’ಕ್ಕೆ ರಾಗಸಂಯೋಜನೆ ಮಾಡಿದವರು ಭಾಸ್ಕರಬುವಾ ಬಖಲೆಯವರು, ಧಾರವಾಡದ ಟ್ರೈನಿಂಗ್ ಕಾಲೇಜಿನಲ್ಲಿ ಕೆಲಕಾಲ ಸಂಗೀತದ ಅಧ್ಯಾಪಕರಾಗಿದ್ದು, ಹಿಂದುಸ್ತಾನೀ ಸಂಗೀತಕ್ಕೆ ಆ ಊರಿನ ಕಿವಿಯನ್ನು ಹದಗೊಳಿಸಿದವರಲ್ಲಿ ಒಬ್ಬರು. ಗಂಟೆಗಟ್ಟಲೆ ವಿಸ್ತರಿಸತಕ್ಕ ಖ್ಯಾಲಿನ ಸಾರವನ್ನು ಏಳೆಂಟು ನಿಮಿಷದ ಪದವೊಂದರಲ್ಲಿ ಇಳಿಸಿ, ಅದನ್ನು ಕೃಷ್ಣನ ಹೆಸರು ಕೇಳಿಯೇ ಮನಸೋತ ರುಕ್ಮಿಣಿಯ ಬಾಯಲ್ಲಿ ಇಟ್ಟು, ರಾಗದ ಶುದ್ಧಿಗೂ ಪಾತ್ರದ ಭಾವಕ್ಕೂ ಕುಂದಿಲ್ಲದಂತೆ ಹಾಡಿಸುವುದು ಸಾಮಾನ್ಯವಾದ ಕಾರ್ಯವಲ್ಲ.

ಬಾಲಗಂಧರ್ವರ ಗಾಯನದ ಗುಣವನ್ನು ಅವರ ಹಳೆಯ ಧ್ವನಿಮುದ್ರಿಕೆಗಳಿಂದ ಈಗಲೂ ತಕ್ಕಮಟ್ಟಿಗೆ ತಿಳಿಯಬಹುದು. ಮೂರೂವರೆ ನಿಮಿಷಕ್ಕೆ ಕತ್ತರಿಸಿದ ಆ ತಟ್ಟೆಗಳಲ್ಲಿ, ಕರಕರ ಸದ್ದಿನ ನಡುವೆ, ಮೊದಲು ಕಿವಿಗೆ ಬೀಳುವುದು ಸ್ವರವು ಹತ್ತಿಕೊಳ್ಳುವ ಬಗೆ: ಸ್ವರವನ್ನು ನೇರವಾಗಿ ಹಿಡಿಯದೆ ಅದರ ಮಗ್ಗುಲಿನಿಂದ ಸವರಿಕೊಂಡು ಬಂದು, ತಾಳದ ಪೆಟ್ಟಿಗೆ ಕೂದಲೆಳೆಯಷ್ಟು ತಡವಾಗಿ ಕೂರಿಸುತ್ತಾರೆ. ಶಬ್ದದ ಉಚ್ಚಾರವು ಎಲ್ಲಿಯೂ ಮುಕ್ಕಾಗುವುದಿಲ್ಲ. ತಾನವು ಬಂದರೂ ಅಕ್ಷರದ ಬೆನ್ನಿಗೆ ಬರುತ್ತದೆಯೇ ಹೊರತು ಅಕ್ಷರವನ್ನು ನುಂಗುವುದಿಲ್ಲ. ಆದರೆ ಧ್ವನಿಮುದ್ರಿಕೆಯಲ್ಲಿ ಸಿಕ್ಕದೆ ಉಳಿದ ಒಂದು ಮುಖ್ಯಾಂಶವಿದೆ. ಅದು ‘ವನ್ಸ್ ಮೋರ್’. ರಾತ್ರಿ ಒಂಬತ್ತಕ್ಕೆ ಎದ್ದ ಪರದೆ ಬೆಳಗಿನ ಜಾವಕ್ಕೆ ಇಳಿಯುತ್ತಿದ್ದುದಕ್ಕೆ ನಾಟಕದ ಉದ್ದವೊಂದೇ ಕಾರಣವಲ್ಲ. ಒಂದೊಂದು ಪದವನ್ನೂ ಸಭೆಯು ಎರಡು ಬಾರಿ, ಮೂರು ಬಾರಿ, ಕೆಲವೊಮ್ಮೆ ಅದಕ್ಕೂ ಹೆಚ್ಚು ಬಾರಿ ಕೇಳುತ್ತಿದ್ದಿತು. ಅವರು ಪ್ರತಿ ಸಲವೂ ಹೊಸ ಹೊಸ ಸಂಚಾರಗಳಿಂದ ಅದನ್ನು ಅಲಂಕರಿಸುತ್ತಿದ್ದರು. ಎಲ್ಲರನ್ನೂ ‘ದೇವಾ’ ಎಂದು ಸಂಬೋಧಿಸುವುದೂ ಪ್ರೇಕ್ಷಕರನ್ನು ‘ಮಾಯಬಾಪ’ ಎನ್ನುವುದೂ ಅವರ ರೂಢಿ. ಅದು ಬರಿಯ ವಿನಯವಲ್ಲ. ಆಟದ ಗತಿಯನ್ನು ನಿರ್ಣಯಿಸುವ ಅಧಿಕಾರವನ್ನು ಅವರು ನಿಜವಾಗಿಯೂ ಸಭೆಗೆ ಒಪ್ಪಿಸಿದ್ದರು. ಸಭೆಯ ಇಚ್ಛೆಯೇ ಅವರ ತಾಳ. ಕಥೆ ನಿಂತುಹೋಗುತ್ತದೆ, ನಾಟಕದ ಕಟ್ಟು ಸಡಿಲವಾಗುತ್ತದೆ ಎಂಬ ದೂಷಣೆಯು ಆಗಲೇ ಇದ್ದಿತು. ಅದು ಸರಿಯಾದ ದೂಷಣೆಯೇ. ಸಂಗೀತನಾಟಕವನ್ನು ಮೇಲಕ್ಕೆತ್ತಿದ ಕಂಠವೇ ಅದರಲ್ಲಿನ ನಾಟಕವನ್ನು ಬಡವಾಗಿಸಿತೆಂದು ಹೇಳಿದರೆ ಅನ್ಯಾಯವಾಗದು.

ಈ ದೂಷಣೆಗೆ ಅವರೇ ಕೊಟ್ಟ ಉತ್ತರವೆಂದರೆ ಗಡಕರಿಯವರ ‘ಏಕಚ ಪ್ಯಾಲಾ’. 1919ರ ಜನವರಿಯಲ್ಲಿ, ಮೂವತ್ತನಾಲ್ಕೂ ತುಂಬದ ವಯಸ್ಸಿನಲ್ಲಿ ರಾಮ ಗಣೇಶ ಗಡಕರಿಯವರು ಕ್ಷಯದಿಂದ ತೀರಿಕೊಂಡರು. ಮುಂದಿನ ತಿಂಗಳು ಬಡೋದೆಯಲ್ಲಿ ನಾಟಕವು ರಂಗವನ್ನು ಕಂಡಿತು. ಕುಡಿತಕ್ಕೆ ಬಲಿಯಾದ ವಕೀಲ ಸುಧಾಕರನ ಹೆಂಡತಿ ಸಿಂಧು ಶ್ರೀಮಂತರ ಮನೆಯಲ್ಲಿ ಹುಟ್ಟಿದವಳು. ಗಂಡನು ಕೆಟ್ಟಂತೆಲ್ಲ ಅವಳ ಮೈಮೇಲಣ ಒಡವೆಗಳು ಒಂದೊಂದಾಗಿ ಮಾಯವಾಗಿ, ಕಡೆಗೆ ಅವಳು ಬೀಸುವ ಕಲ್ಲಿನ ಮುಂದೆ ಬಂದು ಕೂಡುತ್ತಾಳೆ. ಜರತಾರಿಯ ರುಕ್ಮಿಣಿಯನ್ನು ನೋಡಿ ಮೈಮರೆತಿದ್ದ ಜನ ಹರಕು ಸೀರೆಯ ಸಿಂಧುವನ್ನು ಕಂಡು ಅತ್ತರು. ಬೋಡಸರ ಸುಧಾಕರ, ಬಾಲಗಂಧರ್ವರ ಸಿಂಧು, ಈ ಜೋಡಿಯ ಕೀರ್ತಿಯು ಮರಾಠೀ ನೆನಪಿನಲ್ಲಿ ಇಂದಿಗೂ ಮಾಸಿಲ್ಲ. ರೂಪವೂ ವೈಭವವೂ ಇಲ್ಲದ ಕಡೆ ತಾನು ನಿಲ್ಲಬಲ್ಲೆನೆಂಬುದನ್ನು ನಟನು ಇಲ್ಲಿ ತೋರಿಸಿಕೊಟ್ಟನು.

1921ರ ಜುಲೈ 8ರಂದು ಮುಂಬಯಿಯಲ್ಲಿ ನಡೆದ ‘ಸಂಯುಕ್ತ ಮಾನಾಪಮಾನ’ದ ಮಾತನ್ನು ಹೇಳದೆ ಮುಂದೆ ಹೋಗುವಂತಿಲ್ಲ. ತಿಲಕ ಸ್ವರಾಜ್ಯ ನಿಧಿಯ ಸಹಾಯಾರ್ಥವಾಗಿ, ಎದುರಾಳಿ ಕಂಪನಿಗಳಾದ ಗಂಧರ್ವ ಮಂಡಳಿಯೂ ಲಲಿತಕಲಾದರ್ಶವೂ ಕೂಡಿ ಆಡಿದ ಆಟ ಅದು. ಲಲಿತಕಲಾದರ್ಶದ ಮಾಲಕ ಕೇಶವರಾವ ಭೋಸಲೆಯವರು ಧೈರ್ಯಧರ, ಬಾಲಗಂಧರ್ವರು ಭಾಮಿನಿ. ಮುಂದಿನ ಸಾಲಿನ ಆಸನಕ್ಕೆ 100 ರೂಪಾಯಿ. ಆ ಕಾಲದ 100 ರೂಪಾಯಿ! ಎರಡು ಪಕ್ಷದ ಅಭಿಮಾನಿಗಳೂ ತಮ್ಮವರೇ ಗೆದ್ದರೆಂದು ಬಹುಕಾಲ ವಾದಿಸಿದರು. ಮೂರು ತಿಂಗಳು ಕಳೆಯುವಷ್ಟರಲ್ಲಿ ಕೇಶವರಾಯರು ಅಕಾಲ ಮೃತ್ಯುವಿಗೆ ಗುರಿಯಾದರು; ಸ್ಪರ್ಧೆಯು ತೀರ್ಪಿಲ್ಲದೆ ನಿಂತಿತು.

ಆ ವೇಳೆಗೇ ಮಂಡಳಿಯ ಸಾಲವು ಲಕ್ಷವನ್ನು ಮೀರಿದ್ದಿತು. ರಂಗದ ಮೇಲೆ ಹಾಸುವ ರತ್ನಗಂಬಳಿ ನಿಜವಾದುದಾಗಬೇಕು, ಜರಿ ನಿಜವಾದುದಾಗಬೇಕು, ಅತ್ತರು ಮೊದಲ ದರ್ಜೆಯದಾಗಬೇಕು. 1920ರ ‘ದ್ರೌಪದಿ’ಯ ಮಯಸಭೆಗಾಗಿ ಸುರಿದ ಹಣದ ಕಥೆಗಳಂತೂ ದಂತಕಥೆಗಳೇ ಆಗಿವೆ. ಪಕ್ಕವಾದ್ಯಕ್ಕೆ ಕೂಡುತ್ತಿದ್ದವರು ಎಂತಹವರು! ಸಾರಂಗಿಗೆ ಕಾದರ್ ಬಕ್ಷರು, ತಬಲಕ್ಕೆ ಅಹಮದ್‌ಜಾನ್ ತಿರಖವಾ. ತಿರಖವಾರಂತಹ ಉಸ್ತಾದರು ನಾಟಕ ಕಂಪನಿಯೊಂದರ ಸಂಬಳದ ಪಟ್ಟಿಯಲ್ಲಿದ್ದರೆಂಬುದನ್ನು ಇಂದು ನಂಬುವುದೇ ಕಷ್ಟ. ಸಾಲ ತಿಳಿದ ಮೇಲೂ ಅವರು ಕಂಪನಿಯನ್ನು ಮುಚ್ಚಲಿಲ್ಲ, ದಿವಾಳಿಯೆನ್ನಲಿಲ್ಲ. ವರ್ಷಗಟ್ಟಲೆ ಹಾಡಿ ಸಾಲಗಾರರ ಕೈಗೆ ಹಣವನ್ನು ಎಣಿಸಿದರು. ಅದು ತೀರಿತೆನ್ನುವಷ್ಟರಲ್ಲಿ ಹೊಸ ಸಾಲಕ್ಕೆ ಕೈಯಿಟ್ಟರು. ಲೆಕ್ಕವು ಅವರ ಕ್ಷೇತ್ರವಲ್ಲ. ಅವರನ್ನು ವಂಚಿಸಿದವರು ಇದ್ದರೆಂಬುದು ನಿಜವಾದರೂ, ವಂಚಿಸುವುದನ್ನು ಅಷ್ಟು ಸುಲಭ ಮಾಡಿಕೊಟ್ಟ ಯಜಮಾನನನ್ನು ಪೂರ್ತಿಯಾಗಿ ಕ್ಷಮಿಸಲು ನನ್ನಿಂದಾಗದು. ಕಂಪನಿಯೆಂದರೆ ಮಾಲಕನೊಬ್ಬನೇ ಅಲ್ಲ, ಪರದೆ ಎಳೆಯುವವನವರೆಗೆ ಅನೇಕ ಸಂಸಾರಗಳು.

ಅಷ್ಟರಲ್ಲಿ ಕಾಲವು ಎರಡು ಕಡೆಯಿಂದ ಅವರನ್ನು ಸುತ್ತುವರಿಯಿತು. 1932ರಲ್ಲಿ ಪ್ರಭಾತ್‌ನವರ ‘ಅಯೋಧ್ಯೇಚಾ ರಾಜಾ’ ಮರಾಠಿಯಲ್ಲಿ ಮಾತಾಡಿತು. ಅದರಲ್ಲಿ ದುರ್ಗಾ ಖೋಟೆಯವರು ತಾರಾಮತಿ, ಹರಿಶ್ಚಂದ್ರನಾಗಿ ನಟಿಸಿದವರೂ ಸಂಗೀತವನ್ನು ಕೂಡಿಸಿದವರೂ ಬಾಲಗಂಧರ್ವರ ಹಳೆಯ ಜೊತೆಗಾರ ಗೋವಿಂದರಾವ ಟೆಂಬೆಯವರೇ. 1933ರ ಜುಲೈಯಲ್ಲಿ ‘ನಾಟ್ಯಮನ್ವಂತರ’ದವರು ‘ಆಂಧಳ್ಯಾಂಚೀ ಶಾಳಾ’ವನ್ನು ಆಡಿದಾಗ ಸ್ತ್ರೀಪಾತ್ರಗಳಲ್ಲಿ ಸುಶಿಕ್ಷಿತ ಮನೆತನಗಳ ಹೆಂಗಸರೇ ಇದ್ದರು, ರಾತ್ರಿಯಿಡೀ ನಡೆಯುವ ಆಟವೂ ಇಲ್ಲ, ಪದಕ್ಕೆ ಪದ ಹೊಸೆಯುವುದೂ ಇಲ್ಲ. ನಿಜವಾದ ಹೆಣ್ಣು ರಂಗಕ್ಕೆ ಬಂದ ಮೇಲೆ ಹೆಣ್ಣಿನ ವೇಷವು ಕಲೆಯಾಗಿ ಉಳಿಯಬಹುದೆ ಎಂಬ ಪ್ರಶ್ನೆಯನ್ನು ಯಾರೂ ಬಾಯಿಬಿಟ್ಟು ಕೇಳದಿದ್ದರೂ ಟಿಕೆಟಿನ ಕಿಂಡಿಯು ಕೇಳತೊಡಗಿತು. ಗಂಧರ್ವ ಮಂಡಳಿಯು ನಿಂತಿತು.

ಪ್ರಭಾತ್‌ನವರು ಕರೆದುದು ಈ ಹೊತ್ತಿನಲ್ಲಿ. ನಿರ್ದೇಶಕ ವಿ. ಶಾಂತಾರಾಮರು ಬಾಲ್ಯದಲ್ಲಿ ಇದೇ ಗಂಧರ್ವ ಮಂಡಳಿಯಲ್ಲಿ ಸುಮಾರು ಒಂದು ವರ್ಷ ಹುಡುಗನಾಗಿ ದುಡಿದವರು. ಈಗ ಆ ಹುಡುಗನು ಕುರ್ಚಿಯಲ್ಲಿ ಕುಳಿತು ‘ಹೀಗೆ ನಡೆಯಿರಿ, ಇಲ್ಲಿ ನಿಲ್ಲಿ’ ಎನ್ನಬೇಕು, ಅಂದಿನ ಯಜಮಾನರು ನಡೆಯಬೇಕು, ನಿಲ್ಲಬೇಕು. ಸಂಗೀತವನ್ನು ಒದಗಿಸಿದವರು ಮಾಸ್ಟರ್ ಕೃಷ್ಣರಾಯರು, ಭಾಸ್ಕರಬುವಾರ ಶಿಷ್ಯರು, ಅದೇ ಮಂಡಳಿಯಲ್ಲಿ ಬೆಳೆದವರು. ಅಂದರೆ ಸುತ್ತಮುತ್ತ ಇದ್ದವರೆಲ್ಲ ಆಪ್ತರೇ. ಅನಾದರವೆಂಬುದು ಎಲ್ಲಿಯೂ ಇರಲಿಲ್ಲ. ಚಿತ್ರಕ್ಕೆ ಮೊದಲು ಇಟ್ಟ ಹೆಸರು ‘ಮಹಾತ್ಮಾ’. ಅಸ್ಪೃಶ್ಯರ ಮನೆಯಲ್ಲಿ ಉಂಡ ಏಕನಾಥನ ಕಥೆಗೆ ಆ ಹೆಸರನ್ನಿಟ್ಟರೆ ಯಾವ ಮಹಾತ್ಮರ ನೆನಪಾದೀತೆಂಬುದನ್ನು ಊಹಿಸಿದ ಸರಕಾರದ ಸೆನ್ಸಾರ್ ಅಡ್ಡಿಮಾಡಿದುದರಿಂದ ಅದು ‘ಧರ್ಮಾತ್ಮಾ’ ಆಯಿತು. ಚಿತ್ರದ ಉದ್ದೇಶ ಉದಾತ್ತ, ಪ್ರಭಾತ್‌ನ ಕೈಕೆಲಸ ಎಂದಿನಂತೆ ನಿರ್ದುಷ್ಟ. ಅದರಲ್ಲಿ ಸ್ವಸ್ಥಾನದಲ್ಲಿಲ್ಲದವರು ನಾಯಕನಟರು ಮಾತ್ರ.

ಕಂಠವೇನೂ ಕೆಟ್ಟಿರಲಿಲ್ಲ. ಆದರೆ ಆ ಕಂಠವು ಮೂವತ್ತು ವರ್ಷಗಳಿಂದ ಎದುರಿನ ಉಸಿರನ್ನು ಕೇಳಿಕೊಂಡು ಹಾಡಿದುದು. ಸ್ಟುಡಿಯೋದಲ್ಲಿ ಎದುರಿಗಿದ್ದುದು ಸದ್ದು ಮಾಡಕೂಡದೆಂದು ಎಚ್ಚರಿಕೆ ಪಡೆದ ನಾಲ್ಕಾರು ಕೆಲಸಗಾರರು, ಒಂದು ಮೈಕ್ರೋಫೋನ್, ಕಣ್ಣು ಕುಕ್ಕುವ ದೀಪಗಳು. ಅಲ್ಲಿಯೂ ಹಾಡಿದುದನ್ನು ಮತ್ತೆ ಹಾಡು ಎಂದು ಹೇಳುವವರಿದ್ದರು. ರಂಗದಲ್ಲಿ ಮತ್ತೊಮ್ಮೆ ಎಂದರೆ ಮೊದಲಿನದು ತೃಪ್ತಿ ಕೊಟ್ಟಿತೆಂದು ಅರ್ಥ, ಇಲ್ಲಿ ಮತ್ತೊಮ್ಮೆ ಎಂದರೆ ಮೊದಲಿನದು ಕೆಟ್ಟಿತೆಂದು ಅರ್ಥ. ಕನ್ನಡದ ರಂಗಭೂಮಿಯಿಂದ ಚಿತ್ರಕ್ಕೆ ಹೋದ ನಮ್ಮ ಸುಬ್ಬಯ್ಯನಾಯ್ಡು, ನಾಗೇಂದ್ರರಾಯರುಗಳು, 1934ರ ‘ಸತಿ ಸುಲೋಚನ’ದ ಚಿತ್ರಣಕ್ಕಾಗಿ ಕೊಲ್ಲಾಪುರದಲ್ಲಿ ಬೀಡುಬಿಟ್ಟು ಇಂದ್ರಜಿತುವೂ ರಾವಣನೂ ಆಗಿ ನಿಂತಾಗ ಇಂತಹ ಸಂಕಟವನ್ನು ಅನುಭವಿಸಿದಂತೆ ಕಾಣುವುದಿಲ್ಲ, ಕಿರೀಟ, ಗದೆ, ಗಡುಸು ಕಂಠಗಳನ್ನು ರಂಗದಿಂದ ಹೊತ್ತು ತಂದು ಕ್ಯಾಮರಾದ ಮುಂದೆ ಇಳಿಸಿದರೆ ಅವರ ಮಟ್ಟಿಗೆ ಕೆಲಸವು ನಡೆಯುತ್ತಿದ್ದಿತು. ಬಾಲಗಂಧರ್ವರು ಹೊತ್ತು ತರಬಹುದಾದುದು ಏನಿದ್ದಿತು? ಅವರ ಕಲೆಯ ಅರ್ಧವು ಅವರಲ್ಲಿದ್ದರೆ ಉಳಿದರ್ಧವು ಸಭೆಯಲ್ಲಿ ಇದ್ದಿತು. ಈತನು ಗಂಡಸೆಂದು ನನಗೆ ಗೊತ್ತಿದೆ, ಆದರೂ ಈ ರಾತ್ರಿಗೆ ಇವನು ರುಕ್ಮಿಣಿಯೆಂದು ನಾನು ಒಪ್ಪಿದ್ದೇನೆ ಎಂಬ ಒಡಂಬಡಿಕೆಯು ಪ್ರೇಕ್ಷಕನೊಡನೆ ಮಾಡಿಕೊಂಡುದು. ಕ್ಯಾಮರಾಕ್ಕೆ ಆ ಒಡಂಬಡಿಕೆ ತಿಳಿಯದು. ಗಂಡಸಾಗಿಯೇ ನಿಲ್ಲಿಸಿದ ಮೇಲಂತೂ, ಹೊತ್ತು ನಿಲ್ಲಲು ಒಡಂಬಡಿಕೆಯೇ ಉಳಿಯಲಿಲ್ಲ. ಸುಮ್ಮನೆ ತಾನಾಗಿರುವುದು ಅವರಿಗೆ ಯಾವ ಕಾಲದಲ್ಲಿಯೂ ಅಭ್ಯಾಸವಾಗಿರಲಿಲ್ಲ. ಹಲವು ಚಿತ್ರಗಳನ್ನು ತೆಗೆಯಬೇಕೆಂದು ಮಾಡಿಕೊಂಡಿದ್ದ ಒಪ್ಪಂದವು ಒಂದಕ್ಕೇ ಮುಗಿದು ಅವರು ಮರಳಿ ರಂಗಕ್ಕೆ ಬಂದರು.

1937ರಲ್ಲಿ ಶಾಂತಾರಾಮರ ಗುರುಗಳೇ ಆದ ಬಾಬೂರಾವ ಪೇಂಟರರು ಇನ್ನೊಂದು ಬಗೆಯಲ್ಲಿ ಯತ್ನಿಸಿದರು. ವ. ಶಾಂ. ದೇಸಾಯಿಯವರ ‘ಅಮೃತಸಿದ್ಧಿ’ ನಾಟಕವನ್ನು ‘ಸಾಧ್ವೀ ಮೀರಾಬಾಯಿ’ ಎಂಬ ಹೆಸರಿನಿಂದ ಚಿತ್ರಿಸಿ, ಮೀರೆಯ ಪಾತ್ರವನ್ನು ಬಾಲಗಂಧರ್ವರಿಂದಲೇ ಮಾಡಿಸಿದರು. ಕ್ಯಾಮರಾವು ಅವರನ್ನು ಹೆಂಗಸಾಗಿ ಕಂಡುದು ಹೀಗೆ, ಐವತ್ತರ ಹೊಸ್ತಿಲಿನಲ್ಲಿ. ರಂಗದ ಹದಿನೈದನೆಯ ಸಾಲಿನಿಂದ ನೋಡಿದಾಗ ಬಣ್ಣವು ಮುಚ್ಚುವುದನ್ನು ಮಸೂರವು ಮುಚ್ಚಗೊಡಲಿಲ್ಲ. ಇದರ ಬಗ್ಗೆ ಹೆಚ್ಚು ಹೇಳುವುದು ಕ್ರೌರ್ಯವಾದೀತು.

ಗೋಹರಬಾಯಿಯವರು ಕಂಪನಿಗೆ ಬಂದುದು ಅದರ ಮರುವರ್ಷದ ಸುಮಾರಿಗೆ. ಅಂದಿನ ಬಿಜಾಪುರ ಜಿಲ್ಲೆಯ ಬೀಳಗಿಯವರು. ಹಿನ್ನೆಲೆ ಗಾಯಕಿಯಾಗಿ ಭಾರತವೆಲ್ಲ ಬಲ್ಲ ಅಮೀರಬಾಯಿ ಕರ್ನಾಟಕಿಯವರ ಅಕ್ಕತಂಗಿಯರ ಪೈಕಿ. ಬಾಲಗಂಧರ್ವರ ತಟ್ಟೆಗಳನ್ನು ಕೇಳಿ ಕೇಳಿಯೇ ಅವರ ಗಾಯನದ ಮರುದನಿಯೆನ್ನುವಷ್ಟು ಸಾಧಿಸಿಕೊಂಡಿದ್ದ ಗೋಹರಬಾಯಿ, ಅವರ ರಂಗದಲ್ಲಿ ನಾಯಿಕೆಯಾಗಿ ನಿಂತರು. ಗಂಡಸಿನಿಂದ ರೂಪುಗೊಂಡ ಸ್ತ್ರೀಕಂಠವನ್ನು ಸ್ತ್ರೀಯೊಬ್ಬಳು ಕಲಿತು ಮರಳಿ ಒಪ್ಪಿಸಿದ ಈ ಸಂಗತಿಯನ್ನು ಕಲೆಯ ಇತಿಹಾಸಕಾರರು ಇನ್ನೂ ಸರಿಯಾಗಿ ಗಮನಿಸಿಲ್ಲ. ಗಮನಿಸಿದವರೆಲ್ಲ ಅವರಿಬ್ಬರ ಬಾಂಧವ್ಯದ ಗುಲ್ಲಿನಲ್ಲಿಯೇ ತೊಡಗಿದರು. ಮೊದಲ ಪತ್ನಿ ಲಕ್ಷ್ಮೀಬಾಯಿಯವರು 1940ರಲ್ಲಿ ತೀರಿಕೊಂಡಿದ್ದರು. 1951ರಲ್ಲಿ ಗೋಹರಬಾಯಿಯವರನ್ನು ಅವರು ಮದುವೆಯಾದರು. ಮುಸಲ್ಮಾನ ಗಾಯಕಿಯನ್ನು ಕೈಹಿಡಿದನೆಂದು, ದೇವರಂತೆ ಕೊಂಡಾಡಿದ ಬಾಯಿಗಳೇ ಬೈದವು. ನಟನ ಅವನತಿಗೆಲ್ಲ ಅವಳೇ ಕಾರಣವೆಂದು ಬರೆದವರೂ ಉಂಟು. ಸಾಲವು ಅವಳು ಬರುವುದಕ್ಕೆ ಹದಿನೈದು ವರ್ಷ ಮೊದಲೇ ಇದ್ದಿತೆಂಬುದನ್ನು ಅವರು ಮರೆತರು. ಐವತ್ತರ ದಶಕದಲ್ಲಿ ಬಾಲಗಂಧರ್ವರ ಕಾಲುಗಳು ಸ್ವಾಧೀನ ತಪ್ಪಿದ ಮೇಲೆ ಕಡೆಯವರೆಗೆ ನೋಡಿಕೊಂಡವರು ಬೀಳಗಿಯ ಆ ಹೆಣ್ಣುಮಗಳೇ. ಆಕೆ 1964ರಲ್ಲಿ ತೀರಿಕೊಂಡರು. ಪತಿಗೆ ಪದ್ಮಭೂಷಣ ಬಂದುದೂ ಆ ವರ್ಷವೇ. 1967ರ ಜುಲೈ 15ರಂದು ಬಾಲಗಂಧರ್ವರು ಪುಣೆಯಲ್ಲಿ ಕಣ್ಣುಮುಚ್ಚಿದರು. ಅವರ ಕೈಯಿಂದಲೇ 1962ರಲ್ಲಿ ಅ‍ಡಿಗಲ್ಲು ಹಾಕಿಸಿದ್ದ ರಂಗಮಂದಿರವು ಅವರ ಹೆಸರಿನಿಂದ ತೆರೆದುದು ಮರುವರ್ಷ, ಅವರ ಹುಟ್ಟುಹಬ್ಬದ ದಿನ.

ನಮ್ಮ ಉತ್ತರ ಕರ್ನಾಟಕದ ವೃತ್ತಿರಂಗಭೂಮಿಯು ಈ ಪರಂಪರೆಯ ಸಮೀಪದ ಬಂಧು. ಅಲ್ಲಿನ ಕನ್ನಡ ಕಂಪನಿಗಳ ಹಾಡಿನ ಮಟ್ಟುಗಳಲ್ಲಿಯೂ ಸ್ತ್ರೀಪಾತ್ರಧಾರಿಗಳ ಸೆರಗಿನ ಒಯ್ಯಾರದಲ್ಲಿಯೂ ಗಂಧರ್ವ ಮಂಡಳಿಯ ಛಾಯೆಯನ್ನು ಹಳಬರು ಗುರುತಿಸುತ್ತಿದ್ದರು. ಮಲ್ಲಿಕಾರ್ಜುನ ಮನ್ಸೂರರೂ ಬಸವರಾಜ ರಾಜಗುರುಗಳೂ ಹುಡುಗರಾಗಿದ್ದಾಗ ವಾಮನರಾವ ಮಾಸ್ತರರ ಕಂಪನಿಯಲ್ಲಿ ಪಾತ್ರ ಮಾಡಿದವರು. ರಾಜಗುರುಗಳು ಕಛೇರಿಯ ಕಡೆಯಲ್ಲಿ ನಾಟ್ಯಗೀತೆಯೊಂದನ್ನು ಎತ್ತಿಕೊಂಡಾಗ ಸಭೆಯಲ್ಲಿ ಏಳುತ್ತಿದ್ದ ಗುಜುಗುಜು, ಖ್ಯಾಲಿಗೆ ಏಳುವುದಲ್ಲ. ಅದರ ಜಾತಿಯೇ ಬೇರೆ.

ಸಿನಿಮಾ ಮಾತ್ರ ಬಾಲಗಂಧರ್ವರನ್ನು ಬಿಟ್ಟುಕೊಡಲಿಲ್ಲ. 2011ರಲ್ಲಿ ಅವರ ಜೀವನವನ್ನೇ ಕುರಿತು ಮರಾಠಿಯಲ್ಲಿ ‘ಬಾಲಗಂಧರ್ವ’ ಎಂಬ ಚಿತ್ರವು ಬಂದಿತು. ನಾಯಕನಾಗಿ ಸುಬೋಧ ಭಾವೆಯವರು ನಟಿಸಿದರು. ಸೀರೆಯುಟ್ಟು ಮೂಗುತಿಯಿಟ್ಟ ಆ ಮುಖವನ್ನು ಹತ್ತಿರದಿಂದ ತೋರಿಸಲು ಈ ಸಲ ಕ್ಯಾಮರಾವು ಅಂಜಲಿಲ್ಲ. ಪ್ರಸಾಧನಕ್ಕೆ ವಿಕ್ರಮ ಗಾಯಕವಾಡರು ರಾಷ್ಟ್ರಪ್ರಶಸ್ತಿಯನ್ನೂ ಪಡೆದರು. ಹಾಡಿದವರು ಬೇರೊಬ್ಬರು, ಗದಗಿನ ಭೀಮಸೇನ ಜೋಶಿಯವರ ಶಿಷ್ಯ ಆನಂದ ಭಾಟೆ. ಬಾಲ್ಯದಲ್ಲಿ ಗಂಧರ್ವರ ಪದಗಳನ್ನು ಹಾಡಿಯೇ ‘ಆನಂದ ಗಂಧರ್ವ’ನೆಂದು ಕರೆಯಿಸಿಕೊಂಡವರು. ಗಾಯನದ ರಾಷ್ಟ್ರಪ್ರಶಸ್ತಿಯು ಅವರಿಗೆ ಸಂದಿತು. ಹೀಗೆ ಮುಖಕ್ಕೊಬ್ಬರನ್ನೂ ಕಂಠಕ್ಕೊಬ್ಬರನ್ನೂ ನಿಯಮಿಸಿಕೊಂಡ ಮೇಲೆ ಚಿತ್ರವು ಚೆನ್ನಾಗಿಯೇ ಓಡಿತು. ಪುಣೆಯ ಚಿತ್ರಮಂದಿರದಲ್ಲಿ ಅದನ್ನು ನೋಡಿದಾಗ, ‘ಸ್ವಯಂವರ’ದ ಪದವು ಮುಗಿದೊಡನೆ ಹಿಂದಿನ ಸಾಲಿನ ಹಿರಿಯರೊಬ್ಬರು ‘ವನ್ಸ್ ಮೋರ್’ ಎಂದು ಗಟ್ಟಿಯಾಗಿಯೇ ಕೂಗಿದರು, ಚಿತ್ರವು ಮುಂದಕ್ಕೆ ಹೋಯಿತು.